ಕೀಲಿಮಣೆಯೂ ಮೌಸೂ ಮೌನ ತಾಳಿದಾಗ

ಮನೆಯಲ್ಲಿ ಬಹುಕಾಲದಿಂದ ಅಡುಗೆಯ ಹೊಣೆ ಹೊತ್ತವರು ಒಂದು ದಿನ ಜ್ವರದಿಂದ ಮಲಗಿದರೆ, ಉಪ್ಪಿನ ಭರಣಿ ಯಾವ ಗೂಡಿನಲ್ಲಿದೆಯೆಂಬುದೂ ಉಳಿದವರಿಗೆ ತಿಳಿಯದೆ ಮನೆಯೆಲ್ಲ ಕಂಗೆಡುವುದುಂಟು. ಸಾಮಾನುಗಳು ಕಾಣೆಯಾದುದರಿಂದ ಬಂದ ಕಷ್ಟವಲ್ಲ ಅದು. ಅವು ಇರುವ ಕ್ರಮವನ್ನು ಒಬ್ಬರೇ ಬಲ್ಲವರಾಗಿದ್ದುದರಿಂದ ಬಂದ ಕಷ್ಟ. ತಾವಾಗಿ ನಡೆಯುವ ಯಂತ್ರಗಳ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಅವು ನಡೆಯುತ್ತಿರುವವರೆಗೆ ನಮಗೆ ಅವುಗಳ ಒಳಕ್ರಮದ ಚಿಂತೆಯಿಲ್ಲ. ಎಂದು ನಿಲ್ಲುವುವೋ ಅಂದು ನಮ್ಮ ಅಜ್ಞಾನವು ನಮಗೇ ಕಾಣಿಸಿಕೊಳ್ಳುತ್ತದೆ.

ಈ ತಿಂಗಳು ನಾವು ವಿಚಾರಮಾಡಬೇಕೆಂದಿರುವುದು ಅಂತಹ ಒಂದು ಸಂಗತಿಯನ್ನೇ. ಗಣಕಯಂತ್ರಕ್ಕೆ ಕೀಲಿಮಣೆಯನ್ನೂ ಮೌಸನ್ನೂ ಸಿಕ್ಕಿಸಿದ ಕೂಡಲೆ, ಯಾರೂ ಏನೂ ಹೇಳದೆಯೇ, ಯಂತ್ರವು ಅವುಗಳ ಗುರುತು ಹಿಡಿದು ಕೆಲಸಕ್ಕೆ ಹಚ್ಚುತ್ತದೆ. ಹಾಗೆ ಹಚ್ಚದೆ ಹೋದರೆ ಏನು ಮಾಡತಕ್ಕದ್ದು? ಲಿನಕ್ಸ್, ಫ್ರೀಬಿಎಸ್‌ಡಿ ಮೊದಲಾದ ಯುನಿಕ್ಸ್ ಕುಲದ ವ್ಯವಸ್ಥೆಗಳಿರುವ ಯಂತ್ರಗಳಲ್ಲಿ ಈ ತೊಡಕು ಬಂದಾಗ ಗೃಹಸ್ಥರು ತಾವೇ ಮಾಡಿಕೊಳ್ಳಬಹುದಾದ ಪರೀಕ್ಷೆ ಯಾವುದು? ಲಿನಕ್ಸ್ ಬೆಲೆಯಿಲ್ಲದೆ ದೊರೆಯುವಂತಹುದು. ಹಳೆಯ ಯಂತ್ರಗಳಲ್ಲಿಯೂ ನಡೆಯುವಂತಹುದು. ಆದುದರಿಂದ ಮಕ್ಕಳ ಓದಿಗಾಗಿ ಹಳೆಯ ಯಂತ್ರವೊಂದಕ್ಕೆ ಅದನ್ನು ಹಾಕಿಸಿಕೊಂಡಿರುವ ಮನೆಗಳುಂಟು. ಆದರೆ ಬೀದಿಯ ಅಂಗಡಿಯವರೆಲ್ಲರಿಗೂ ಅದರ ಪರಿಚಯವಿರುವುದಿಲ್ಲ. ಪರಿಚಯವಿಲ್ಲದ ವೈದ್ಯನು ಕೊಡುವ ಔಷಧವು ಎಂತಹುದೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ನಾವು ಬಲ್ಲ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತವಾಗಿದೆ. ಆ ಮನೆಯ ಯಜಮಾನರು ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಅವರು ಬರೆದ ಕಾಗದಗಳೂ, ಮೊಮ್ಮಕ್ಕಳ ಚಿತ್ರಗಳೂ, ಮನೆಯ ಲೆಕ್ಕಪತ್ರಗಳೂ ಒಂದೇ ಯಂತ್ರದಲ್ಲಿದ್ದುವು. ಒಂದು ಬೆಳಗ್ಗೆ ಆ ತಾಯಿಯವರು ಯಂತ್ರವನ್ನು ತೆರೆದಾಗ ಪರದೆಯು ಬೆಳಗಿತು, ಹೆಸರನ್ನು ಕೇಳಿತು. ಕೀಲಿಮಣೆ ಮಾತ್ರ ಸ್ಪಂದಿಸಲಿಲ್ಲ, ಮೌಸಿನ ಬಾಣವೂ ಅಲುಗಲಿಲ್ಲ. ಬಂದ ದುರಸ್ತಿಗಾರನು, ವ್ಯವಸ್ಥೆಯೇ ಕೆಟ್ಟಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕೆಂದನು, ಹಾಗೆಯೇ ಮಾಡಿದನು. ಕೀಲಿಮಣೆ ನಡೆಯಿತು. ಕಾಗದಗಳು ಹೋದುವು. ಹಿಂದಿನ ರಾತ್ರಿ ನವೀಕರಣ ನಡೆಯುತ್ತಿದ್ದಾಗ ವಿದ್ಯುತ್ತು ಹೋಗಿತ್ತೆಂಬುದನ್ನು ಅವರು ಹೇಳಲಿಲ್ಲ; ಯಾರೂ ಕೇಳಲೂ ಇಲ್ಲ. ಕೈ ಮರಗಟ್ಟಿತೆಂದು ರೋಗಿಯ ನೆನಪನ್ನೇ ಅಳಿಸುವ ವೈದ್ಯನುಂಟೆ? ಕೀಲಿಮಣೆಯೂ ಮೌಸೂ ಗಣಕಯಂತ್ರದ ಕೈಗಳು. ನಮ್ಮ ಕಾಗದಗಳು ಅದರ ನೆನಪು. ಕೈಯ ರೋಗಕ್ಕೆ ಕೈಯಲ್ಲಿಯೇ, ಹೆಚ್ಚೆಂದರೆ ಕೈಗೆ ಹೋಗುವ ನರಗಳಲ್ಲಿಯೇ, ಚಿಕಿತ್ಸೆ ನಡೆಯತಕ್ಕದ್ದು. ಈ ಲೇಖನದಿಂದ ವಾಚಕರು ಒಂದೇ ಮಾತನ್ನು ಇಟ್ಟುಕೊಳ್ಳುವುದಾದರೆ ಈ ಮಾತನ್ನು ಇಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.

ಇನ್ನು ಪೂರ್ವಕಥೆಯನ್ನು ಸ್ವಲ್ಪ ತಿಳಿಯೋಣ. ಯುನಿಕ್ಸ್ ಕುಲದ ಯಂತ್ರಗಳಲ್ಲಿ ಚಿತ್ರ, ಕಿಟಕಿ, ಬಾಣಗಳನ್ನು ಪರದೆಯ ಮೇಲೆ ತೋರಿಸುವ ಹೊಣೆಯನ್ನು ಬಹುಕಾಲದಿಂದ ಹೊತ್ತಿರುವುದು ‘ಎಕ್ಸ್’ ಎಂಬ ವ್ಯವಸ್ಥೆ. ಇದು 1984ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಹುಟ್ಟಿತು. ಇದರ ಹನ್ನೊಂದನೆಯ ಆವೃತ್ತಿಯು 1987ರಲ್ಲಿ ಹೊರಬಂದಿತು. ಆಶ್ಚರ್ಯವೆಂದರೆ, ಇಂದಿಗೂ ಬಳಕೆಯಲ್ಲಿರುವ ಎಕ್ಸ್ ಆ ಹನ್ನೊಂದನೆಯದೇ. ಈಗ ಇದನ್ನು ನೋಡಿಕೊಳ್ಳುತ್ತಿರುವುದು 2004ರಲ್ಲಿ ಏರ್ಪಟ್ಟ ಎಕ್ಸ್‌ಆರ್ಗ್ ಪ್ರತಿಷ್ಠಾನ.

ಮೊದಲು ಈ ಎಕ್ಸ್ ತಾನಾಗಿ ಏನನ್ನೂ ಗುರುತಿಸುತ್ತಿರಲಿಲ್ಲ. ಯಂತ್ರದ ಒಡೆಯನು ಒಂದು ಕಡತದಲ್ಲಿ ಸಕಲವನ್ನೂ ಬರೆದಿಡಬೇಕಾಗಿತ್ತು: ಕೀಲಿಮಣೆ ಇಂತಹುದು, ಅದರ ವಿನ್ಯಾಸ ಇಂತಹುದು, ಮೌಸು ಇಂತಹ ದ್ವಾರದಲ್ಲಿದೆ, ಇಂತಹ ಭಾಷೆಯಲ್ಲಿ ಮಾತನಾಡುತ್ತದೆ. ಮೌಸಿನ ನಡುವಣ ಚಕ್ರವನ್ನು ಮೇಲಕ್ಕೆ ತಿರುಗಿಸಿದರೆ ಅದನ್ನು ನಾಲ್ಕನೆಯ ಗುಂಡಿಯೆಂದೂ, ಕೆಳಕ್ಕೆ ತಿರುಗಿಸಿದರೆ ಐದನೆಯ ಗುಂಡಿಯೆಂದೂ ತಿಳಿಯತಕ್ಕದ್ದೆಂದು ಕೂಡ ಬರೆಯಬೇಕಾಗಿತ್ತು. ಒಂದು ಅಕ್ಷರ ತಪ್ಪಿದರೆ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಕಷ್ಟದ ಕಾಲವದು, ಆದರೆ ಬರೆದವನಿಗೆ ತಾನು ಏನು ಬರೆದೆನೆಂಬುದು ತಿಳಿದಿರುತ್ತಿತ್ತು.

2007ರಲ್ಲಿ ಬಂದ ಎಕ್ಸ್‌ಆರ್ಗ್ ಸರ್ವರಿನ 1.4ನೆಯ ಆವೃತ್ತಿಯಿಂದ, ಸಿಕ್ಕಿಸಿದುದನ್ನು ತಾನಾಗಿ ಗುರುತಿಸುವ ಏರ್ಪಾಡು ಆರಂಭವಾಯಿತು. ಆಗ ಈ ಸುದ್ದಿಯನ್ನು ಸರ್ವರಿಗೆ ಮುಟ್ಟಿಸುತ್ತಿದ್ದುದು ‘ಹ್ಯಾಲ್’ ಎಂಬ ದೂತ. 2008-09ರ ಹೊತ್ತಿಗೆ ಹೊಸ ಆವೃತ್ತಿಗಳು ಮನೆಮನೆಗೂ ಬಂದಾಗ ವಿಚಿತ್ರವಾದ ತೊಂದರೆಯೊಂದು ಎದ್ದಿತು. ಹೊಸ ಸರ್ವರು ಹಳೆಯ ಕಡತದಲ್ಲಿ ಬರೆದಿದ್ದ ಕೀಲಿಮಣೆ ಮೌಸುಗಳನ್ನು ಉಪೇಕ್ಷಿಸಿ ದೂತನ ಮಾತಿಗಾಗಿ ಕಾಯುತ್ತಿತ್ತು. ದೂತನೋ ಹಲವು ಯಂತ್ರಗಳಲ್ಲಿ ಎದ್ದೇ ಇರುತ್ತಿರಲಿಲ್ಲ. ವಿಶೇಷವಾಗಿ ಫ್ರೀಬಿಎಸ್‌ಡಿಯಲ್ಲಿ ಹ್ಯಾಲ್ ತಾನಾಗಿ ಏಳುವಂತೆ ಒಡೆಯನೇ ವಿಧಿಸಬೇಕಾಗಿತ್ತು. ಅದನ್ನರಿಯದೆ 2009ರಲ್ಲಿ ನವೀಕರಿಸಿಕೊಂಡ ಅನೇಕರು ಪರದೆಯ ಮುಂದೆ ಕೈಕಟ್ಟಿ ಕುಳಿತರು: ಚಿತ್ರವಿದೆ, ಕೀಲಿಯಿಲ್ಲ, ಬಾಣವಿಲ್ಲ. ಹಳೆಯ ಯಜಮಾನನ ಮಾತು ನಡೆಯದು, ಹೊಸ ಯಜಮಾನನು ಊರಿನಲ್ಲಿಲ್ಲ. ಹೀಗಾಯಿತು ಆ ಮನೆಯ ಸ್ಥಿತಿ.

ಅದೇ ಕಾಲದ ಇನ್ನೊಂದು ವಿನೋದವೂ ಬೋಧಪ್ರದವಾಗಿದೆ. ಕೆಲವರ ಯಂತ್ರಗಳಲ್ಲಿ ಮೇಲ್ಮುಖವಾದ ಬಾಣದ ಕೀಲಿಯನ್ನು ಒತ್ತಿದರೆ, ಸಾಲು ಮೇಲೆ ಹೋಗುವುದರ ಬದಲು ಪರದೆಯ ಛಾಯಾಚಿತ್ರವು ತೆಗೆಯಲ್ಪಡುತ್ತಿತ್ತು. ಕಾರಣವಿಷ್ಟೆ: ಹೊಸ ಲೆಕ್ಕದಲ್ಲಿ 111 ಎಂಬ ಸಂಖ್ಯೆ ಮೇಲ್ಬಾಣದ್ದು, ಹಳೆಯ ಲೆಕ್ಕದಲ್ಲಿ ಅದೇ 111 ಚಿತ್ರ ತೆಗೆಯುವ ಕೀಲಿಯದು. ಸಂಖ್ಯೆಯನ್ನು ಹೊಸ ಡ್ರೈವರು ಕೊಡುತ್ತಿತ್ತು, ಅರ್ಥವನ್ನು ಹಳೆಯ ಕೋಶದಿಂದ ನೋಡಲಾಗುತ್ತಿತ್ತು. ಒಂದು ಭಾಷೆಯ ಪದಕ್ಕೆ ಇನ್ನೊಂದು ಭಾಷೆಯ ನಿಘಂಟಿನಲ್ಲಿ ಅರ್ಥ ಹುಡುಕಿದಂತೆ! ಕೀಲಿಮಣೆಯಲ್ಲಿ ದೋಷವೇ ಇರಲಿಲ್ಲ.

2010ರಲ್ಲಿ ಬಂದ 1.8ನೆಯ ಆವೃತ್ತಿಯಲ್ಲಿ ಲಿನಕ್ಸಿನ ಮಟ್ಟಿಗೆ ಹ್ಯಾಲಿನ ಸ್ಥಾನವನ್ನು ‘ಯುಡೆವ್’ ಎಂಬ ದೂತನು ಪಡೆದನು. ಅಂದಿನಿಂದ ವ್ಯವಸ್ಥೆಯು ಹೆಚ್ಚು ಸ್ಥಿರವಾಗಿದೆ. ಆದರೆ ನಡುವೆ ದೂತರು ಇರುವವರೆಗೆ ಸುದ್ದಿ ತಪ್ಪುವ ಸಂಭವವೂ ಇದ್ದೇ ಇರುವುದು.

ಆದುದರಿಂದ ಒಂದು ಕೀಲಿಯನ್ನು ಒತ್ತಿದರೆ ಆ ಸುದ್ದಿ ಹೇಗೆ ಪ್ರಯಾಣಮಾಡುತ್ತದೆಂಬುದನ್ನು ನಾವು ಅರಿಯಬೇಕು. ಈ ಮಾರ್ಗದಲ್ಲಿ ಐದು ಮಜಲುಗಳಿವೆ.

ಮೊದಲನೆಯ ಮಜಲು ವಸ್ತುವಿನದು: ಕೀಲಿಮಣೆ, ಅದರ ತಂತಿ, ಯಂತ್ರದ ದ್ವಾರ. ಇಂದಿನ ಯುಎಸ್‌ಬಿ ಸಾಧನವು ಸಿಕ್ಕಿಸಿದೊಡನೆ ತನ್ನ ಜಾತಿಯನ್ನು ತಾನೇ ಹೇಳಿಕೊಳ್ಳುತ್ತದೆ. ಮನುಷ್ಯನ ಕೈಗೆ ಸಂಬಂಧಿಸಿದ ಸಾಧನಗಳ ವರ್ಗಸಂಖ್ಯೆ 3. ಅದರೊಳಗೆ ಕೀಲಿಮಣೆಯ ಗುರುತು 1, ಮೌಸಿನ ಗುರುತು 2. ಎರಡನೆಯ ಮಜಲು ಕರ್ನಲ್, ಎಂದರೆ ವ್ಯವಸ್ಥೆಯ ತಿರುಳು. ಅದು ಪ್ರತಿಯೊಂದು ಒತ್ತುವಿಕೆಯನ್ನೂ ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಲಿನಕ್ಸಿನಲ್ಲಿ ‘ಎ’ ಕೀಲಿಯ ಸಂಖ್ಯೆ 30. ಒತ್ತಿದಾಗ 1 ಎಂದೂ, ಬಿಟ್ಟಾಗ 0 ಎಂದೂ, ಒತ್ತಿಹಿಡಿದಾಗ 2 ಎಂದೂ ದಾಖಲೆ. ಮೂರನೆಯ ಮಜಲು ಯುಡೆವ್. ಅದು ‘ಇದು ಕೀಲಿಮಣೆ’, ‘ಇದು ಮೌಸು’ ಎಂದು ಚೀಟಿ ಅಂಟಿಸುತ್ತದೆ. ನಾಲ್ಕನೆಯದು ಎಕ್ಸ್ ಸರ್ವರು. ಅದು ಚೀಟಿಯನ್ನು ನೋಡಿ ತಕ್ಕ ಡ್ರೈವರಿಗೆ, ಈಗ ಸಾಮಾನ್ಯವಾಗಿ ‘ಲಿಬ್‌ಇನ್‌ಪುಟ್’ ಎಂಬುದಕ್ಕೆ, ಸಾಧನವನ್ನು ಒಪ್ಪಿಸುತ್ತದೆ. ಐದನೆಯದು ಅರ್ಥ ಹೇಳುವ ವಿನ್ಯಾಸ. ಅದೇ 30ನೆಯ ಕೀಲಿಯು ಇಂಗ್ಲಿಷ್ ವಿನ್ಯಾಸದಲ್ಲಿ ‘ಎ’ ಅಕ್ಷರವಾಗುತ್ತದೆ. ಕನ್ನಡದ ಕಗಪ ವಿನ್ಯಾಸದಲ್ಲಿ ‘ಅ’ ಆಗುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಓಕಾರದ ಚಿಹ್ನೆಯಾಗುತ್ತದೆ. ಬೆರಳು ಒಂದೇ, ಫಲ ಮೂರು.

ಈ ಐದರಲ್ಲಿ ಯಾವುದು ಕಡಿದಿದೆಯೆಂಬುದನ್ನು ಕಂಡುಹಿಡಿಯುವುದೇ ದುರಸ್ತಿಯ ಮುಖ್ಯಭಾಗ. ಇದಕ್ಕೆ ನಮ್ಮ ತಾರ್ಕಿಕರು ಹೇಳುವ ಅನ್ವಯವ್ಯತಿರೇಕಗಳಿಗಿಂತ ಉತ್ತಮವಾದ ಸಾಧನವಿಲ್ಲ. ಒಂದು ಇದ್ದರೆ ಇನ್ನೊಂದು ಇರುವುದೇ, ಒಂದು ಇಲ್ಲದಿದ್ದರೆ ಇನ್ನೊಂದೂ ಇಲ್ಲವೇ ಎಂದು ನೋಡುವುದು. ಇದರ ನಿಯಮವು ಸುಲಭ, ಪಾಲಿಸುವುದು ಕಷ್ಟ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೀಲಿಮಣೆಯನ್ನೂ ದ್ವಾರವನ್ನೂ ಕಡತವನ್ನೂ ಒಟ್ಟಿಗೆ ಬದಲಿಸಿದವನಿಗೆ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಮುಂದಿನ ಸಲ ಅವನು ಮತ್ತೆ ಮೊದಲಿನಷ್ಟೇ ಕುರುಡನು.

ಕ್ರಮವನ್ನು ಹೇಳುತ್ತೇವೆ. ಮೊದಲು ಕಣ್ಣಿಗೆ ಕಾಣುವುದನ್ನು ನೋಡಬೇಕು. ತಂತಿಯಿಲ್ಲದ ಮೌಸಾದರೆ ಅದರ ಹೊಟ್ಟೆಯ ಕೆಳಗಿನ ಗುಂಡಿ ಮುಚ್ಚಿದೆಯೆ? ಬ್ಯಾಟರಿ ತೀರಿದೆಯೆ? ತಂತಿಯುಳ್ಳದ್ದಾದರೆ ಬೇರೆ ದ್ವಾರದಲ್ಲಿ ಸಿಕ್ಕಿಸಿದರೆ ಏನಾಗುವುದು? ಹಳೆಯ ಯಂತ್ರಗಳಲ್ಲಿ ಗುಂಡಾದ ಪಿಎಸ್-2 ದ್ವಾರಗಳಿರುತ್ತವೆ, ಸಾಮಾನ್ಯವಾಗಿ ನೇರಳೆಯದು ಕೀಲಿಮಣೆಗೆ, ಹಸಿರಿನದು ಮೌಸಿಗೆ. ಇವನ್ನು ಯಂತ್ರವು ನಡೆಯುತ್ತಿರುವಾಗ ಕೀಳುವುದೂ ಸಿಕ್ಕಿಸುವುದೂ ಸಲ್ಲದು. ಯಂತ್ರವನ್ನು ಆರಿಸಿ ಸಿಕ್ಕಿಸಿ ಮತ್ತೆ ಹೊತ್ತಿಸತಕ್ಕದ್ದು.

ಎರಡನೆಯದಾಗಿ ದೀಪದ ಪರೀಕ್ಷೆ. ‘ಕ್ಯಾಪ್ಸ್ ಲಾಕ್’ ಎಂಬ ಕೀಲಿಯನ್ನು ಒತ್ತಿ, ಅದರ ಪುಟ್ಟ ದೀಪವನ್ನು ನೋಡಬೇಕು. ಈ ದೀಪವನ್ನು ಸಾಮಾನ್ಯವಾಗಿ ಕೀಲಿಮಣೆಯು ತಾನೇ ಹಚ್ಚಿಕೊಳ್ಳುವುದಿಲ್ಲ. ಸುದ್ದಿಯು ಯಂತ್ರದೊಳಕ್ಕೆ ಹೋಗಿ, ಅಲ್ಲಿಂದ ಅಪ್ಪಣೆ ಹಿಂದಿರುಗಿದ ಮೇಲೆ ಅದು ಬೆಳಗುತ್ತದೆ. ಆದುದರಿಂದ ಅದು ಬೆಳಗಿ ಆರಿದರೆ ಮಾರ್ಗದ ಬಹುಭಾಗವು ಸರಿಯಿದೆಯೆಂದೂ, ದೋಷವು ಕೊನೆಯ ಮಜಲಿನಲ್ಲಿ ಅಥವಾ ಎದುರಿಗಿರುವ ಕಿಟಕಿಯಲ್ಲಿ ಇದೆಯೆಂದೂ ಊಹಿಸಬಹುದು. ಬೆಳಗದಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕು.

ಮೂರನೆಯದು, ಯಂತ್ರವು ಏಳುವ ಹೊತ್ತಿನ ಪರೀಕ್ಷೆ. ಲಿನಕ್ಸ್ ಯಂತ್ರಗಳಲ್ಲಿ ವ್ಯವಸ್ಥೆಯು ಏಳುವುದಕ್ಕೆ ಮೊದಲು ‘ಗ್ರಬ್’ ಎಂಬ ದ್ವಾರಪಾಲಕನು ಒಂದು ಪಟ್ಟಿಯನ್ನು ತೋರಿಸುವನು. ಕೆಲವು ಯಂತ್ರಗಳಲ್ಲಿ ಅದನ್ನು ಕಾಣಲು ಏಳುವಾಗ ‘ಎಸ್ಕೇಪ್’ ಅಥವಾ ‘ಶಿಫ್ಟ್’ ಕೀಲಿಯನ್ನು ಒತ್ತಬೇಕು. ಆ ಪಟ್ಟಿಯಲ್ಲಿ ಬಾಣದ ಕೀಲಿ ನಡೆದರೆ ಕೀಲಿಮಣೆಯೂ ತಂತಿಯೂ ದ್ವಾರವೂ ನಿರ್ದೋಷಿಗಳು. ಅಲ್ಲಿ ಕರ್ನಲ್ಲಿನ್ನೂ ಎದ್ದಿಲ್ಲ, ಎಕ್ಸ್ ಎದ್ದಿಲ್ಲ. ಆದರೂ ಕೀಲಿ ನಡೆಯಿತು. ಪರದೆಯ ಮೇಲೆ ಚಿತ್ರ ಬಂದ ಬಳಿಕ ನಡೆಯದು. ಆಗ ದೋಷವು ಎಲ್ಲಿದೆಯೆಂಬುದನ್ನು ಬೇರೆ ಹೇಳಬೇಕೆ? ಹೊಸ ಕೀಲಿಮಣೆ ಕೊಳ್ಳುವ ಹಣವು ಈ ಒಂದು ಪರೀಕ್ಷೆಯಿಂದ ಉಳಿಯುತ್ತದೆ.

ಇಲ್ಲಿ ಸಂದೇಹವೊಂದು ಏಳುವುದು ಸಹಜ. ಕೀಲಿಮಣೆಯೇ ನಡೆಯದಿರುವಾಗ ದುರಸ್ತಿಯ ಆಜ್ಞೆಗಳನ್ನು ಯಾವುದರಿಂದ ಬರೆಯುವುದು? ‘ಕಂಟ್ರೋಲ್’, ‘ಆಲ್ಟ್’, ಮತ್ತು ‘ಎಫ್3’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರವಿಲ್ಲದ ಬರಹದ ಪರದೆ ಬರುವುದೆಂದು ಪುಸ್ತಕಗಳು ಹೇಳುತ್ತವೆ. ನಿಜವೇ, ಆದರೆ ಆ ಕೀಲಿಗಳ ಸುದ್ದಿಯನ್ನು ಕೇಳಿ ಪರದೆ ಬದಲಿಸುವುದು ಎಕ್ಸ್ ಸರ್ವರೇ. ಅದಕ್ಕೆ ಕೀಲಿಮಣೆಯೇ ಗೊತ್ತಿಲ್ಲದಿದ್ದರೆ ಈ ಉಪಾಯವೂ ನಡೆಯದು. ಆಗ ಯಂತ್ರವನ್ನು ಆರಿಸುವ ಗುಂಡಿಯನ್ನು ಒಮ್ಮೆ ಮೆಲ್ಲಗೆ ಒತ್ತಿ ಬಿಡಬೇಕು. ಬಹುಪಾಲು ವ್ಯವಸ್ಥೆಗಳು ಕ್ರಮವಾಗಿ ಮುಚ್ಚಿಕೊಳ್ಳುತ್ತವೆ ಅಥವಾ ನಿದ್ರಿಸುತ್ತವೆ. ಬಹಳ ಹೊತ್ತು ಒತ್ತಿಹಿಡಿಯುವುದು ಉಸಿರುಕಟ್ಟಿಸಿದಂತೆ. ಅದು ಕೊನೆಯ ಉಪಾಯ. ಬಳಿಕ ಮತ್ತೆ ಹೊತ್ತಿಸಿ, ಗ್ರಬ್ಬಿನ ಪಟ್ಟಿಯಲ್ಲಿ ‘ರಿಕವರಿ’ ಎಂದಿರುವುದನ್ನು ಆರಿಸಬೇಕು. ಇದು ಚಿತ್ರವಿಲ್ಲದೆ, ಎಕ್ಸ್ ಇಲ್ಲದೆ ಏಳುವ ದಾರಿ. ಅಲ್ಲಿ ಕೀಲಿಮಣೆ ನಡೆಯುವ ಸಂಭವ ಹೆಚ್ಚು. ಉಬುಂಟುವಿನಲ್ಲಿ ಈ ದಾರಿಯಲ್ಲಿ ಹೋದರೆ, ಮುರಿದ ಸ್ಥಾಪನೆಗಳನ್ನು ಸರಿಪಡಿಸುವ ‘ಡಿಪಿಕೆಜಿ’ ಎಂಬ ಬಾಬೂ ಪಟ್ಟಿಯಲ್ಲಿಯೇ ಇರುವುದು. ಮೇಲೆ ಹೇಳಿದ ತಾಯಿಯವರ ಮನೆಯಲ್ಲಿ ಪ್ರಥಮತಃ ಮಾಡಿನೋಡಬೇಕಾಗಿದ್ದುದು ಇದು. ಇದರಿಂದ ಒಂದು ಕಾಗದವೂ ಅಳಿಯುವುದಿಲ್ಲ.

ಬರಹದ ಪರದೆ ದೊರೆತ ಮೇಲೆ ಮಜಲುಗಳನ್ನು ಒಂದೊಂದಾಗಿ ವಿಚಾರಿಸಬಹುದು. ‘ಎಲ್ಎಸ್‌ಯುಎಸ್‌ಬಿ’ ಎಂಬ ಆಜ್ಞೆಯು ಯುಎಸ್‌ಬಿ ದ್ವಾರಗಳಲ್ಲಿ ಯಾರಾರು ಇದ್ದಾರೆಂಬುದನ್ನು ಹೇಳುತ್ತದೆ. ‘ಡಿಮೆಸ್ಜ್’ ಎಂಬುದು ಕರ್ನಲ್ಲಿನ ದಿನಚರಿಯನ್ನು ಓದಿ ಹೇಳುತ್ತದೆ. ಮೌಸನ್ನು ಕಿತ್ತು ಮತ್ತೆ ಸಿಕ್ಕಿಸಿದರೆ ಅದರ ಕೊನೆಯಲ್ಲಿ ಹೊಸ ಸಾಲುಗಳು ಬರಬೇಕು. ಬಾರದಿದ್ದರೆ ದೋಷವು ಮೊದಲನೆಯ ಮಜಲಿನದೇ. ‘ಲಿಬ್‌ಇನ್‌ಪುಟ್’ ಎಂಬ ಆಜ್ಞೆಗೆ ‘ಲಿಸ್ಟ್-ಡಿವೈಸಸ್’ ಎಂದು ಸೇರಿಸಿ, ಆಡಳಿತಗಾರನ ಅಧಿಕಾರದಿಂದ ನಡೆಸಿದರೆ, ಮೂರನೆಯ ಮಜಲಿನಲ್ಲಿ ಯಾವ ಚೀಟಿ ಅಂಟಿದೆಯೆಂಬುದು ಕಾಣುತ್ತದೆ. ಒಂದೇ ಕೀಲಿಮಣೆ ಎರಡು ಮೂರು ಹೆಸರುಗಳಲ್ಲಿ ಕಾಣಿಸಿದರೆ ಬೆದರಬೇಕಾಗಿಲ್ಲ. ಧ್ವನಿಯನ್ನು ಹೆಚ್ಚಿಸುವ ಕೀಲಿಗಳೇ ಮುಂತಾದುವು ಬೇರೆ ಸಾಧನವೆಂದು ತಮ್ಮನ್ನು ಹೇಳಿಕೊಳ್ಳುವುದುಂಟು.

ನಾಲ್ಕನೆಯ ಮಜಲಿಗೆ ಸಾಕ್ಷಿ ಎಕ್ಸ್ ಸರ್ವರಿನ ದಿನಚರಿ. ಇದು ‘ವಾರ್’ ಎಂಬ ಕೋಶದ ‘ಲಾಗ್’ ಎಂಬ ಒಳಕೋಶದಲ್ಲಿ, ಕೆಲವು ವ್ಯವಸ್ಥೆಗಳಲ್ಲಿ ಬಳಸುವವರ ಸ್ವಂತ ಕೋಶದಲ್ಲಿ, ‘ಎಕ್ಸ್‌ಆರ್ಗ್’ ಎಂಬ ಹೆಸರಿನಿಂದಿರುತ್ತದೆ. ಸಾಲುಗಳ ಮೊದಲಲ್ಲಿ ಆವರಣದೊಳಗೆ ಎರಡೆರಡು ಗುರುತುಗಳಿರುವುವು: ಎರಡು ‘ಐ’ ಇದ್ದರೆ ಸಾಮಾನ್ಯ ಸಮಾಚಾರ, ಎರಡು ‘ಡಬ್ಲ್ಯು’ ಇದ್ದರೆ ಎಚ್ಚರಿಕೆ, ಎರಡು ‘ಇ’ ಇದ್ದರೆ ದೋಷ. ದೋಷದ ಸಾಲುಗಳನ್ನು ಮೊದಲು ಓದಬೇಕು. ಲಿಬ್‌ಇನ್‌ಪುಟ್ ಡ್ರೈವರು ದೊರೆಯಲಿಲ್ಲವೆಂದಿದ್ದರೆ ಅದನ್ನು ಸ್ಥಾಪಿಸುವುದೇ ಚಿಕಿತ್ಸೆ. ಡ್ರೈವರಿನ ಆವೃತ್ತಿಯು ಸರ್ವರಿಗೆ ಹೊಂದುವುದಿಲ್ಲವೆಂದಿದ್ದರೆ ನವೀಕರಣವು ಅರ್ಧಕ್ಕೆ ನಿಂತಿದೆಯೆಂದು ತಿಳಿದು ಅದನ್ನು ಪೂರ್ಣಗೊಳಿಸಬೇಕು. ಆದರೆ ಯಾವುದೋ ಸಾಧನಕ್ಕೆ ಡ್ರೈವರು ಸೂಚಿತವಾಗಿಲ್ಲ, ಅದನ್ನು ಬಿಟ್ಟಿದ್ದೇವೆ ಎಂಬ ಸಾಮಾನ್ಯ ಸಮಾಚಾರವಿದ್ದರೆ, ಅದೇ ಸಾಧನವು ಬೇರೆ ಹೆಸರಿನಿಂದ ಸೇರಿದೆಯೆ ಎಂದು ನೋಡಿ ಸುಮ್ಮನಿರಬಹುದು.

ಈಗ ಕಡತಗಳ ವಿಷಯ. ಹಿಂದೆ ಕೈಯಿಂದ ಬರೆದ ಹಳೆಯ ಎಕ್ಸ್‌ಆರ್ಗ್ ಕಡತವು ‘ಇಟಿಸಿ’ ಎಂಬ ಕೋಶದಲ್ಲಿ ಉಳಿದುಕೊಂಡು ಹೊಸ ಏರ್ಪಾಡಿಗೆ ಅಡ್ಡಬರುವುದುಂಟು. ಅದನ್ನು ಅಳಿಸಬಾರದು, ಹೆಸರನ್ನು ಬದಲಿಸಿ ಪಕ್ಕಕ್ಕಿಟ್ಟು, ಯಂತ್ರವನ್ನು ಮತ್ತೆ ಏಳಿಸಿ ನೋಡಬೇಕು. ಗುಣವಾದರೆ ಕಾರಣ ಸಿಕ್ಕಿತು. ಆಗದಿದ್ದರೆ ಹಳೆಯ ಹೆಸರನ್ನೇ ಕೊಡಬಹುದು. ವ್ಯತಿರೇಕವೆಂದರೆ ಇದೇ. 2010ರಿಂದೀಚೆಗೆ ಈ ವಿಧಿಗಳು ಒಂದೇ ಕಡತದಲ್ಲಿರದೆ ಚಿಕ್ಕ ಚಿಕ್ಕ ಕಡತಗಳಲ್ಲಿರುತ್ತವೆ. ಅವುಗಳ ಹೆಸರಿನ ಮೊದಲಲ್ಲಿ 10, 40, 90 ಎಂಬಂತಹ ಸಂಖ್ಯೆಗಳಿರುತ್ತವೆ. ಸರ್ವರು ಅವನ್ನು ಅನುಕ್ರಮವಾಗಿ ಓದುತ್ತದೆ. ಒಂದೇ ಸಾಧನಕ್ಕೆ ಎರಡು ವಿಧಿಗಳು ಅನ್ವಯಿಸಿ ಪರಸ್ಪರ ವಿರೋಧಿಸಿದರೆ ಹಿಂದಿನದನ್ನು ಮುಂದಿನದು ಮೀರುತ್ತದೆ. ವ್ಯಾಕರಣವನ್ನು ಓದಿದವರಿಗೆ ಇದು ಹೊಸತಲ್ಲ. ಸಮಬಲದ ಎರಡು ಸೂತ್ರಗಳು ಒಂದೇ ಕಡೆ ಪ್ರಾಪ್ತವಾದರೆ ಪರಸೂತ್ರವೇ ನಿಲ್ಲತಕ್ಕದ್ದೆಂದು ಪಾಣಿನಿಯೂ ವಿಧಿಸಿರುವನಷ್ಟೆ. ಆದುದರಿಂದ ಉತ್ಸರ್ಗವನ್ನು ಮೊದಲು, ಅಪವಾದವನ್ನು ಕೊನೆಗೆ ಇಡಬೇಕು: ಎಲ್ಲ ಮೌಸುಗಳಿಗೂ ಸಲ್ಲುವ ವಿಧಿಗೆ ಚಿಕ್ಕ ಸಂಖ್ಯೆ, ನಮ್ಮ ಮನೆಯ ಎಡಗೈ ಮಗುವಿನ ಮೌಸಿಗೆ ಮಾತ್ರ ಸಲ್ಲುವ ವಿಧಿಗೆ ದೊಡ್ಡ ಸಂಖ್ಯೆ. ನಾವು ಬರೆದ ವಿಧಿ ನಡೆಯಲಿಲ್ಲವೆಂದು ದೂರುವವರು, ಅದರ ಹಿಂದೆ ಬಂದು ಅದನ್ನು ಮೀರಿದ ವಿಧಿ ಯಾವುದಾದರೂ ಇದೆಯೆ ಎಂದು ಮೊದಲು ನೋಡಬೇಕು.

ಕೆಟ್ಟಿಲ್ಲದೆಯೇ ಕೆಟ್ಟಂತೆ ತೋರುವ ಸಂದರ್ಭಗಳೂ ಕೆಲವು ಉಂಟು. ಮಕ್ಕಳಿರುವ ಮನೆಗಳಲ್ಲಿ ಇವನ್ನು ವಿಶೇಷವಾಗಿ ನೆನಪಿಡಬೇಕು. ಕೈ ನಡುಗುವವರ ಅನುಕೂಲಕ್ಕಾಗಿ ಇಟ್ಟಿರುವ ಏರ್ಪಾಡೊಂದು ತೆರೆದಿದ್ದರೆ, ‘ಶಿಫ್ಟ್’ ಕೀಲಿಯನ್ನು ಸುಮಾರು 8 ಸೆಕೆಂಡು ಒತ್ತಿಹಿಡಿದಾಗ ‘ನಿಧಾನ ಕೀಲಿ’ಗಳ ನಿಯಮವು ಜಾರಿಗೆ ಬರುತ್ತದೆ. ಆಮೇಲೆ ಪ್ರತಿಯೊಂದು ಕೀಲಿಯನ್ನೂ ಸ್ವಲ್ಪಕಾಲ ಒತ್ತಿಹಿಡಿಯದೆ ಅಕ್ಷರ ಬೀಳದು. ಬೇಗಬೇಗನೆ ಒತ್ತುವವನಿಗೆ ಕೀಲಿಮಣೆ ಸತ್ತಂತೆಯೇ ತೋರುವುದು. ಮತ್ತೆ ಅಷ್ಟೇ ಹೊತ್ತು ಶಿಫ್ಟನ್ನು ಒತ್ತಿಹಿಡಿದರೆ ನಿಯಮವು ಹಿಂದೆಗೆಯುತ್ತದೆ. ಮಡಿಲಿನ ಯಂತ್ರಗಳಲ್ಲಿ ಬೆರಳಾಡಿಸುವ ಫಲಕವು ಬರೆಯುತ್ತಿರುವಾಗ ಸುಮ್ಮನಿರುವುದೂ ದೋಷವಲ್ಲ. ಅಂಗೈ ತಗುಲಿ ಬಾಣವು ಓಡದಿರಲೆಂದು ಲಿಬ್‌ಇನ್‌ಪುಟ್ ಬೇಕೆಂದೇ ಹಾಗೆ ಮಾಡುತ್ತದೆ.

ಇನ್ನು ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾದ ಮಾತೊಂದು. ಎಕ್ಸ್ ವ್ಯವಸ್ಥೆಯ ವಿನ್ಯಾಸಗಳಲ್ಲಿ ಭಾರತದ ವಿಭಾಗದೊಳಗೆ ಕನ್ನಡಕ್ಕೆ ಎರಡು ರೂಪಗಳಿವೆ. ಒಂದು ಇನ್‌ಸ್ಕ್ರಿಪ್ಟ್ ಕ್ರಮದ್ದು. ಇನ್ನೊಂದು ಕಗಪ ಎಂಬ ಹೆಸರಿನ ಧ್ವನ್ಯನುಸಾರಿಯಾದುದು. ಈ ಎರಡನೆಯದರ ಮೂಲವು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳೇ ಕಗಪ ಎಂದಾಗಿವೆ. ಇಂಗ್ಲಿಷಿನೊಡನೆ ಕನ್ನಡವನ್ನೂ ಇಟ್ಟುಕೊಂಡವರಿಗೆ ಒದಗುವ ವಿಪತ್ತೆಂದರೆ ರಹಸ್ಯಪದದ್ದು. ರಹಸ್ಯಪದವನ್ನು ಬರೆಯುವಾಗ ಪರದೆಯ ಮೇಲೆ ಚುಕ್ಕೆಗಳೇ ಬೀಳುವುದರಿಂದ, ಕೆಳಗೆ ಕನ್ನಡ ವಿನ್ಯಾಸವು ನಡೆಯುತ್ತಿದೆಯೆಂಬುದು ಕಾಣಿಸದು. ಬರೆದುದು ಸರಿ, ಬಿದ್ದುದು ಬೇರೆ. ಯಂತ್ರವು ಒಡೆಯನನ್ನೇ ಹೊರಗೆ ನಿಲ್ಲಿಸುವುದು. ಆಗ ಮೂಲೆಯಲ್ಲಿರುವ ಭಾಷೆಯ ಗುರುತನ್ನು ನೋಡಬೇಕು. ಕಣ್ಣಿನ ಚಿತ್ರವಿರುವ ಗುಂಡಿಯಿದ್ದರೆ, ಹತ್ತಿರ ಯಾರೂ ಇಲ್ಲದಾಗ ಅದನ್ನು ಒತ್ತಿ, ಬಿದ್ದ ಅಕ್ಷರಗಳನ್ನು ಓದಬೇಕು. ವಿನ್ಯಾಸಗಳ ಪಟ್ಟಿಯಲ್ಲಿ ಇಂಗ್ಲಿಷನ್ನು ತೆಗೆದುಹಾಕದೆ ಕನ್ನಡವನ್ನು ಅದರ ಪಕ್ಕದಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಕಡೆಯದಾಗಿ, ಎಕ್ಸ್ ಈಗ ಮುಪ್ಪಿನಲ್ಲಿದೆಯೆಂಬುದನ್ನೂ ಹೇಳಬೇಕು. 2008ರಲ್ಲಿ ಆರಂಭವಾದ ‘ವೇಲೆಂಡ್’ ಎಂಬ ಹೊಸ ಏರ್ಪಾಡು ಅನೇಕ ಡೆಸ್ಕ್‌ಟಾಪುಗಳಲ್ಲಿ ಅದರ ಸ್ಥಾನವನ್ನು ಪಡೆದಿದೆ. ಅಲ್ಲಿ ಎಕ್ಸ್‌ಆರ್ಗ್‌ನ ಕಡತಗಳಿಗೆ ಅಧಿಕಾರವಿಲ್ಲ. ಡೆಸ್ಕ್‌ಟಾಪೇ ಲಿಬ್‌ಇನ್‌ಪುಟ್ಟಿನ ಮೂಲಕ ಸಾಧನಗಳನ್ನು ಸ್ವೀಕರಿಸಿ, ತನ್ನ ಸ್ವಂತ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಬರೆದುದನ್ನೇ ಪಾಲಿಸುತ್ತದೆ. ಎಕ್ಸಿನ ಸಾಧನಗಳ ಪಟ್ಟಿ ಕೊಡುವ ‘ಎಕ್ಸ್‌ಇನ್‌ಪುಟ್’ ಎಂಬ ಆಜ್ಞೆಯೂ ಅಲ್ಲಿ ನಿಜವಾದ ಸಾಧನಗಳನ್ನು ತೋರಿಸದು. ಆದುದರಿಂದ ಹಳೆಯ ಪುಸ್ತಕವನ್ನು ನೋಡಿ ಕಡತ ತಿದ್ದುವುದಕ್ಕೆ ಮೊದಲು, ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಎಕ್ಸೋ ವೇಲೆಂಡೋ ಎಂದು ತಿಳಿಯಬೇಕು. ಆಳುವ ಅರಸನು ಯಾರೆಂದು ತಿಳಿಯದೆ ಅರ್ಜಿ ಬರೆದರೆ ಫಲವುಂಟೆ? ಆದರೂ ಮೊದಲ ಮೂರು ಮಜಲುಗಳು ಎರಡಕ್ಕೂ ಸಮಾನವಾದುವು. ಪರೀಕ್ಷೆಯ ಕ್ರಮವೂ ಸಮಾನವಾದುದು.

ಎಲ್ಲವೂ ಸರಿಯಾಗಿ ನಡೆಯುತ್ತಿರುವ ಇಂದೇ ವಾಚಕರು ಮೂರು ಕೆಲಸಗಳನ್ನು ಮಾಡಿಡಬೇಕೆಂದು ನಾವು ಅರಿಕೆಮಾಡುತ್ತೇವೆ. ತಂತಿಯುಳ್ಳ ಸಾಧಾರಣವಾದ ಕೀಲಿಮಣೆಯೊಂದನ್ನು ಬೀರುವಿನಲ್ಲಿ ಇಟ್ಟಿರಬೇಕು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಮನೆಯ ಕಾಗದಗಳ, ಚಿತ್ರಗಳ ಪ್ರತಿಯನ್ನು ಯಂತ್ರದ ಹೊರಗೆ ಬೇರೊಂದು ಡಿಸ್ಕಿನಲ್ಲಿ ತೆಗೆದಿಡಬೇಕು. ಮೂರನೆಯದಾಗಿ ಒಂದು ಚೀಟಿ: ಯಂತ್ರದಲ್ಲಿರುವ ವ್ಯವಸ್ಥೆಯ ಹೆಸರು, ಎಕ್ಸೋ ವೇಲೆಂಡೋ ಎಂಬುದು, ಕೀಲಿಮಣೆಯ ವಿನ್ಯಾಸ, ರಿಕವರಿಗೆ ಹೋಗುವ ದಾರಿ, ಇವಿಷ್ಟನ್ನು ಶಾಯಿಯಲ್ಲಿ ಸ್ಫುಟವಾಗಿ ಬರೆದು, ಕ್ಯಾಲೆಂಡರಿನ ಹಿಂದೆ ಅಂಟಿಸಬೇಕು. ದುರಸ್ತಿಗೆ ಯಾರೇ ಬರಲಿ, ಮೊದಲು ಆ ಚೀಟಿಯನ್ನು ಅವರ ಕೈಗೆ ಕೊಟ್ಟು, ಹಿಂದಿನ ದಿನ ಯಂತ್ರದಲ್ಲಿ ಏನು ನಡೆಯಿತೆಂಬುದನ್ನು ಹೇಳಿ, ಬಳಿಕ ವಿನಯದಿಂದಲೂ ದೃಢತೆಯಿಂದಲೂ ಒಂದು ಮಾತನ್ನು ಸೇರಿಸಬೇಕು: “ಸ್ವಾಮಿ, ಏನನ್ನು ಬೇಕಾದರೂ ಪರೀಕ್ಷಿಸಿ; ನಮ್ಮನ್ನು ಕೇಳದೆ ಏನನ್ನೂ ಅಳಿಸಬೇಡಿ.”